ತಗಡಿನ ಗೊರವಂಕ ಮತ್ತು ಜವರಾಯಮ್ಮನ ಮನೆ ಹೆಪ್ಪು

ಬಿದಿರುಕೋಟೆ ಅಂತ ಒಂದು ರಾಜ್ಯ ಇತ್ತು ಮಕ್ಕಳಾ. ರಾಜ್ಯ ಅಂದ ತಕ್ಷಣ ಆನೆ, ಕುದುರೆ, ಏಳು ಸುತ್ತಿನ ಕೋಟೆ ಅಂತ ಕಣ್ಣು ಅಗಲ ಮಾಡ್ಕೋಬೇಡಿ. ಒಂದು ಕೆರೆ, ಕೆರೆ ಕೆಳಗೆ ನಾಕಾರು ಬೀದಿ, ಸುತ್ತ ಬಿದಿರು ಮೆಳೆ. ಅಷ್ಟೇ. ಅಷ್ಟಕ್ಕೇ ಅವರಿಗೆ ನಮ್ದೂ ಒಂದು ರಾಜ್ಯ ಅಂತ ಜಂಬ.

ಜಂಬ ಪಡೋಕೆ ಒಂದು ಕಾರಣಾನೂ ಇತ್ತು ಅನ್ನಿ. ಅಲ್ಲಿ ದೊರೆ ಮಗನೇ ದೊರೆ ಆಗ್ಬೇಕು ಅಂತ ಇರ್ಲಿಲ್ಲ. ಕೆಲವು ವರ್ಷಕ್ಕೊಂದ್ಸಲ ಜನ ಎಲ್ಲಾ ಕೆರೆ ಏರಿ ಮೇಲೆ ಸೇರೋರು. ದೊರೆ ಆಗ್ತೀನಿ ಅನ್ನೋರು ಒಂದೊಂದು ಮಡಕೆ ಇಡೋರು. ಮಡಕೆ ಬಾಯಿಗೆ ಬಟ್ಟೆ, ಬಟ್ಟೇಲಿ ಒಂದು ತೂತು. ಪ್ರತಿಯೊಬ್ರೂ ಒಂದು ಹೊಂಗೆ ಬೀಜ ತಂದು ತಮಗೆ ಬೇಕಾದೋರ ಮಡಕೇಲಿ ಹಾಕೋರು. ಯಾರ ಮಡಕೆ ತೂಕವೋ ಅವರಿಗೆ ಮಣೆ. ಸಿಂಹಾಸನ ಗಿಂಹಾಸನ ಏನಿಲ್ಲ, ಹಲಸಿನ ಮರದ ಒಂದು ಮಣೆ. ಬೀಜ ಹಾಕಿದ್ಮೇಲೆ ಎಲ್ರೂ ಏರಿ ಮೇಲೇ ಕೂತು ಮನೆಯಿಂದ ತಂದ ಮೊಸರನ್ನದ ಬುತ್ತಿ ಬಿಚ್ಚಿ ತಿನ್ನಬೇಕು. ಗೆದ್ದೋರು, ಸೋತೋರು, ಎಲ್ರದ್ದೂ ಒಂದೇ ಸಾಲು. ಮೊಸರನ್ನ ಇಲ್ದೆ ಬಂದೋರಿಗೆ ಬೀಜ ಹಾಕೋಕೆ ಮುಖ ಇಲ್ಲ. ಹಂಗಿತ್ತು ಪದ್ಧತಿ.

ಆ ಊರಲ್ಲಿ ಪುಟ್ಟಚನ್ನಿ ಅಂತ ಒಬ್ಳು. ಕೆರೆ ತೂಬಿನ ಕೆಳಗೆ ಅವಳದ್ದೊಂದು ಸೊಪ್ಪಿನ ಮಡಿ. ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ. ಗಂಡ ಹೋದ್ಮೇಲೆ ಆ ಮಡೀನೇ ಅವಳಿಗೆ ಗಂಡ, ಅದೇ ಮಗ, ಅದೇ ಅನ್ನ. ತೂಬಿನ ನೀರು ನಾಕು ದಿನ ನಿಂತ್ರೆ ಸೊಪ್ಪು ತಲೆ ಬಗ್ಗಿಸ್ತಿತ್ತು, ಹಿಂದೇನೇ ಪುಟ್ಟಚನ್ನಿ ಒಲೆ ತಣ್ಣಗಾಗ್ತಿತ್ತು. ಕೆರೆ ಇದ್ರೆ ಅವಳು, ಇಲ್ದಿದ್ರೆ ಇಲ್ಲ. ಇದನ್ನ ನೆನಪಲ್ಲಿಟ್ಕೊಳ್ಳಿ.

ಪಕ್ಕದ ಮನೆ ಜವರಾಯಮ್ಮಂದು. ಎಮ್ಮೆ ಕಟ್ಟಿದ್ಲು. ಬಾಯಿ ಅಂದ್ರೆ ಬಾಯಿ. ಆ ಬಾಯಿಗೆ ಹೆದರಿ ಕಾಗೆ ಕೂಡ ಅವಳ ಸೂರಿನ ಮೇಲೆ ಕೂರ್ತಿರ್ಲಿಲ್ಲ. ಎರಡು ಮನೆ ಮಧ್ಯೆ ಮಣ್ಣಿನ ಗೋಡೆ, ಗೋಡೇಲಿ ಬಟ್ಟಲು ತೂರೋ ಅಷ್ಟು ಒಂದು ಕಿಂಡಿ. ಬೆಳಗಾದ್ರೆ ಈ ಕಡೆಯಿಂದ ಒಂದು ಹಿಡಿ ಸೊಪ್ಪು ಆ ಕಡೆಗೆ. ಆ ಕಡೆಯಿಂದ ಒಂದು ಬಟ್ಟಲು ಹೆಪ್ಪು ಈ ಕಡೆಗೆ.

"ಏನೇ ಚನ್ನಿ, ಇವತ್ತು ಕೀರೆ ಸೊಪ್ಪಿನ ಜೊತೆ ಹುಳಾನೂ ಸೇರಿಸಿ ಕೊಟ್ಟಿದ್ದೀಯಲ್ಲೇ?"

"ನಿನ್ ಹೆಪ್ಪಲ್ಲಿ ಎಮ್ಮೆ ಕೂದ್ಲು ಇತ್ತಲ್ಲಕ್ಕ, ಅದಕ್ಕೂ ಇದಕ್ಕೂ ಸರಿಹೋಯ್ತು ಬಿಡು."

ಹಿಂಗೆ ಬೈಕೊಂಡು, ನಕ್ಕೊಂಡು, ಊರಿನ ಸುದ್ದಿ ಎಲ್ಲಾ ಆ ಕಿಂಡೀಲಿ ಕಡೆದು ಬೆಣ್ಣೆ ತೆಗೆದು, ಆಮೇಲೆ ಇಬ್ರೂ ಕೆಲಸಕ್ಕೆ ಹೋಗೋರು. ಬಿದಿರುಕೋಟೇಲಿ ಹೆಪ್ಪು ಅಂದ್ರೆ ದೇವರ ಸಮ. ಹೆಪ್ಪು ಕೇಳಿ ಬಂದೋರನ್ನ, ಜನ್ಮದ ವೈರಿ ಆದ್ರೂ, ಇಲ್ಲ ಅಂತ ಕಳಿಸಂಗಿಲ್ಲ.

ಆಗ ಮಣೆ ಮೇಲಿದ್ದೋಳು ಕಾಳಾಜಮ್ಮ ಅನ್ನೋ ಮುದುಕಿ. ಮುಖ ನೋಡಿದ್ರೆ ಆಗಷ್ಟೇ ಹಾಗಲಕಾಯಿ ಅಗಿದಂಗೆ. ನಗು ಇಲ್ಲ, ನಲಿವು ಇಲ್ಲ, ಮಾತು ಅಂತೂ ಉಪ್ಪಿನಕಾಯಿ ಬಡಿಸಿದಂಗೆ, ತುದಿಬೆಳ್ಳಲ್ಲಿ ಒಂಚೂರು. ಕೆಲಸ ಮಾತ್ರ ಅಚ್ಚುಕಟ್ಟು. ಕೆರೆ ಹೂಳು ತೆಗೆಸಿದ್ಲು, ತೂಬು ರಿಪೇರಿ ಮಾಡಿಸಿದ್ಲು. ಆದ್ರೆ ಮಾಡಿದ್ದನ್ನ ಯಾರಿಗೂ ಹೇಳ್ತಿರ್ಲಿಲ್ಲ. ಅದೊಂದು ಕೆಟ್ಟ ಚಾಳಿ ಅವಳಿಗೆ.

ಇಂಥ ಊರಿಗೆ ಒಂದಿನ ಮಾರ್ತಂಡಪ್ಪ ಅನ್ನೋ ಸಾವುಕಾರ ಬಂದ. ಯಂತ್ರದ ವ್ಯಾಪಾರಿ. ಸದಾ ನಗ್ತಾ ಇರೋನು. ಮಲಗಿದ್ದಾಗ್ಲೂ ನಗ್ತಿದ್ನಂತೆ, ಅವನ ಹೆಂಡ್ತೀನೇ ಹೇಳಿದ್ದು. ಗಾಡಿ ತುಂಬಾ ತಗಡಿನ ಗೊರವಂಕ ತಂದಿದ್ದ. ರೆಕ್ಕೆ ತಗಡು, ಕೊಕ್ಕು ಹಿತ್ತಾಳೆ, ಮಾತು ಮಾತ್ರ ಮನುಷ್ಯರದ್ದು.

ಸೀದಾ ಕಾಳಾಜಮ್ಮನ ಹತ್ರ ಹೋದ.

"ತಾಯಿ, ಊರಿನ ಮನೆಮನೆಗೂ ಒಂದೊಂದು ಹಕ್ಕಿ ಕೊಡ್ತೀನಿ. ಮಳೆ ಯಾವಾಗ, ಸಂತೇಲಿ ಧಾರಣೆ ಎಷ್ಟು, ಎಲ್ಲಾ ಹೇಳ್ತದೆ. ಪುಕ್ಕಟೆ."

"ಪುಕ್ಕಟೆ ಯಾಕೆ?"

"ಜನಸೇವೆ ತಾಯಿ."

"ಸೇವೆ ಮಾಡೋರು ಬೆವರ್ತಾರೆ ಕಣಯ್ಯ. ನೀನು ಬೆವತಂಗೆ ಕಾಣಲ್ಲ," ಅಂದ್ಲು ಕಾಳಾಜಮ್ಮ. ಆದ್ರೂ ಜನಕ್ಕೆ ಅನುಕೂಲ ಅಂತ ಹ್ಞೂಂ ಅಂದ್ಲು.

ಎರಡನೇ ಸಲ ಬಂದ. "ತಾಯಿ, ಹಕ್ಕಿಗಳು ಸಂಜೆ ಹೋಗಿ ಎಣ್ಣೆ ಕುಡಿದು ಬೆಳಗ್ಗೆ ಮನೆಗೆ ಬರಬೇಕು. ಅದಕ್ಕೊಂದು ಗೋಪುರ ಕಟ್ಟಬೇಕು. ಜಾಗ ಕೊಡಿ."

ಕಲ್ಲುಗುಡ್ಡದ ಮೇಲೆ, ಕತ್ತೆ ಕೂಡ ಮೇಯದ ಜಾಗ ತೋರಿಸಿದ್ಲು. ಕಟ್ಕೊಂಡ.

ಮೂರನೇ ಸಲ ಬಂದ. "ತಾಯಿ, ಸಂಜೆ ಆದ್ರೆ ನೂರಾರು ಹಕ್ಕಿ ಒಟ್ಟಿಗೆ ಊರಿನ ಸುದ್ದಿ ಒಪ್ಪಿಸ್ತವೆ. ಗೋಪುರ ಕಾದ ಬಾಣಲೆ ಆಗ್ತದೆ. ತಂಪು ಮಾಡೋಕೆ ನೀರು ಬೇಕು. ಕೆರೆ ತೂಬನ್ನ ನಮ್ಮ ಕಡೆ ತಿರುಗಿಸಿಬಿಡಿ."

ಕಾಳಾಜಮ್ಮ ಎಲೆಅಡಿಕೆ ಅಗಿಯೋದು ನಿಲ್ಲಿಸಿದ್ಲು. "ಎಣ್ಣೆ ಕುಡಿಯೋಕೆ ಹೋಗ್ತವೆ ಅಂದಿದ್ದೆ. ಊರಿನ ಸುದ್ದಿ ಒಪ್ಪಿಸೋಕಾ ಹೋಗೋದು?"

ಸಾವುಕಾರ ನಕ್ಕ. ಬರೀ ಹಲ್ಲು ನಕ್ತು.

"ಕೆರೆ ನಿಂದೂ ಅಲ್ಲ, ನಂದೂ ಅಲ್ಲ. ತೂಬು ತಿರುಗಿಸೋಕೆ ಆಗಲ್ಲ," ಅಂದ್ಲು ಮುದುಕಿ. "ಇನ್ನೊಂದು. ಬೀಜ ಹಾಕೋ ದಿನ ಹತ್ರ ಬಂತು. ಅದು ಮುಗೀಲಿ, ಒಂದು ಕಟ್ಟಳೆ ಮಾಡ್ತೀನಿ. ನಿನ್ ಹಕ್ಕಿ ಒಂದು ಮನೇಲಿ ಹೇಳಿದ್ದನ್ನ ಅರಳಿಕಟ್ಟೆ ಮೇಲೆ ಎಲ್ರ ಮುಂದೇನೂ ಹೇಳ್ಬೇಕು."

"ಅದು ನಮ್ಮ ವ್ಯಾಪಾರದ ಗುಟ್ಟು ತಾಯಿ."

"ಹಂಗಾದ್ರೆ ಕಟ್ಟಳೆ ಬೇಕೇ ಬೇಕು."

ಇಷ್ಟು ಮಾತು ಆಗಿದ್ದು ಅವಳ ಹಿತ್ತಲ ಜಗಲೀಲಿ. ಊರಿಗೆ ಹೇಳಿದ್ಲಾ? ಇಲ್ಲ. ಎಲೆಅಡಿಕೆ ಅಗ್ಕೊಂಡು ಒಳಗೆ ಹೋದ್ಲು.

ಸಾವುಕಾರ ಅಲ್ಲಿಂದ ಎದ್ದೋನು ಸೀದಾ ಸೊಂಪಯ್ಯನ ಮನೆಗೆ ಹೋದ. ಈ ಸೊಂಪಯ್ಯ ನೋಡೋಕೆ ಚೆನ್ನಾಗಿದ್ದ. ಮೀಸೆ ತಿರುವೋದು, ಕನ್ನಡಿ ನೋಡ್ಕೊಳೋದು, ಮತ್ತೆ ಮೀಸೆ ತಿರುವೋದು, ಇವೇ ಅವನ ಮೂರು ಕಸುಬು. ಒಳಗೆ ಏನು ಮಾತಾಡಿದ್ರೋ, ಬಾಗಿಲು ಹಾಕಿತ್ತು. ಹೊರಗೆ ಬಂದಾಗ ಸೊಂಪಯ್ಯ, "ಈ ಸಲ ನಾನೂ ಒಂದು ಮಡಕೆ ಇಡ್ತೀನಿ," ಅಂದ.

ಇತ್ತ ಹಕ್ಕಿ ವಿಷ್ಯ ಕೇಳಿ. ಪ್ರತಿ ಮನೇಲೂ ಒಂದು ಗೂಟ ನೆಟ್ಟು, ಗೂಟಕ್ಕೆ ಆ ಮನೆಯೋರ ಹಳೇ ಬಟ್ಟೆ ಚೂರು ಕಟ್ಟಬೇಕು. ಆ ಬಟ್ಟೆ ವಾಸನೆ ಹಿಡ್ಕೊಂಡೇ ಹಕ್ಕಿ ಬೆಳಗ್ಗೆ ಗೋಪುರದಿಂದ ತನ್ನ ಮನೆಗೆ ಬರೋದು. ಪುಟ್ಟಚನ್ನಿ ತನ್ನ ಹಸಿರು ಸೀರೆ ಸೆರಗಿನ ಚೂರು ಕಟ್ಟಿದ್ಲು. ಜವರಾಯಮ್ಮ ಎಮ್ಮೆ ಒರೆಸೋ ಕಂಬಳಿ ಚೂರು ಕಟ್ಟಿದ್ಲು.

ಸುಳ್ಳು ಯಾಕೆ ಹೇಳ್ಬೇಕು, ಹಕ್ಕಿಯಿಂದ ಉಪಕಾರ ಆಯ್ತು. ಸಂತೇಲಿ ಸಬ್ಬಸಿಗೆಗೆ ಒಳ್ಳೆ ಧಾರಣೆ ಇದ್ದ ದಿನ ಮೊದಲೇ ಹೇಳ್ತಿತ್ತು. ಕುಂಬಾರಗೇರಿ ದೇವೀರಿ ಮಗಳಿಗೆ ಹೆರಿಗೆ ನೋವು ಬಂದಾಗ ಹಕ್ಕಿ ಹಾರಿ ಹೋಗಿ ಸೂಲಗಿತ್ತೀನ ಕರ್ಕೊಂಡು ಬಂತು. ಪುಟ್ಟಚನ್ನಿ ದಿನಾ ಅದರ ಕೊಕ್ಕಿಗೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟು, "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ," ಅನ್ನೋಳು. ಹೆಗಲ ಮೇಲೆ ಕೂರಿಸ್ಕೊಂಡೇ ಓಡಾಡೋಳು. ಊರಿನೋರೂ ಹಂಗೇ.

ಒಂದು ವಿಶೇಷ ಇತ್ತು. ಗೋಪುರದಲ್ಲಿ ಹೆಂಗೋ, ಊರೊಳಗೆ ಮಾತ್ರ ಇನ್ನೊಂದು ತಗಡಿನ ಹಕ್ಕಿ ಎದುರಿಗಿದ್ರೆ ಯಾವ ಹಕ್ಕೀನೂ ಬಾಯಿ ಬಿಡ್ತಿರ್ಲಿಲ್ಲ. ಎರಡೂ ಕೊಕ್ಕು ಬಿಗಿದು ಕೂರೋವು. "ಎಷ್ಟು ಮರ್ಯಾದೆ ನೋಡು, ದೊಡ್ಡೋರ ಮನೆ ಸೊಸೇರ ತರ," ಅಂತ ಜನ ಹೊಗಳೋರು. ಯಾಕೆ ಹಂಗೆ ಅಂತ ಒಬ್ರೂ ಕೇಳ್ಲಿಲ್ಲ.

ಬೀಜ ಹಾಕೋ ದಿನ ಹತ್ರ ಬಂದಂಗೆ ಹಕ್ಕಿ ಮಾತಿನ ವರಸೆ ಬದಲಾಯ್ತು.

ಒಂದಿನ ಬೆಳಗ್ಗೆ ಪುಟ್ಟಚನ್ನಿ ಕಿವೀಲಿ ಅಂತು: "ಜವರಾಯಮ್ಮನ ಎಮ್ಮೆ ಈಚೆಗೆ ಕೆರೇಲಿ ಜಾಸ್ತಿ ಹೊತ್ತು ಬಿದ್ಕೋತವೆ, ನೋಡಿದ್ಯಾ?"

ಇನ್ನೊಂದಿನ ಅಂತು: "ಕಾಳಾಜಮ್ಮ ಎಮ್ಮೆ ಸಾಕೋರ ಕಡೆ. ನಿಂಗೊಬ್ಳಿಗೇ ಹೇಳ್ತಿದ್ದೀನಿ."

ಮತ್ತೊಂದಿನ ಅಂತು: "ಈ ಸಲ ಕಾಳಾಜಮ್ಮ ಗೆದ್ರೆ ತೂಬು ಮುಚ್ಚಿಸ್ತಾಳೆ. ಕೆರೆ ಪೂರ್ತಿ ಎಮ್ಮೆಗೆ. ಜವರಾಯಮ್ಮನೇ ಹೋಗಿ ಹೇಳಿ ಮಾಡಿಸಿದ್ದು. ನಿನ್ ಸೊಪ್ಪಿನ ಮಡಿ ಒಣಗಿ ಹಪ್ಪಳ ಆಗ್ತದೆ. ನಿನ್ ಕಷ್ಟ ತಿಳಿದೋನು ಸೊಂಪಯ್ಯ ಒಬ್ನೇ."

ಪುಟ್ಟಚನ್ನಿ ಸೀದಾ ಮಡೀಗೆ ಹೋಗಿ ಕೂತ್ಲು. ದಂಟಿನ ಎಲೆ ಸವರಿದ್ಲು. ಅಕ್ಕ ಅಂತ ಕರೆದೋಳೇ ಹಿಂಗೆ ಮಾಡ್ತಾಳಲ್ಲ ಅಂತ ಕಣ್ಣಲ್ಲಿ ನೀರು ಬಂತು. ನೀರು ಹಿಂದೇನೇ ಸಿಟ್ಟೂ ಬಂತು.

ಮಾರನೇ ದಿನ ಕಿಂಡಿ ಹತ್ರ ಜವರಾಯಮ್ಮ ಕಾಯ್ತಾ ನಿಂತಿದ್ಲು. ಅವಳ ಮುಖಾನೂ ಕೆಂಡ.

"ಸೊಪ್ಪು ಎಲ್ಲೇ?"

"ಎಮ್ಮೆ ಕುಡಿದು ಮಿಗಿಸಿದ ನೀರಲ್ಲಿ ಬೆಳೆದ್ರೆ ಕೊಡ್ತೀನಿ."

"ಓಹೋ! ನೀನು ಮಾಡ್ತಿರೋ ಮಸಲತ್ತು ನಂಗೊತ್ತಿಲ್ಲ ಅನ್ಕೊಂಡ್ಯಾ? ಬೆನ್ನಿಗೆ ಚೂರಿ ಹಾಕೋಳೇ!"

"ಯಾರು ಹಾಕಿದ್ದು? ನೀನು ಹಾಕಿದ್ದು!"

ಇಬ್ರ ಹೆಗಲ ಮೇಲೂ ಹಕ್ಕಿ. ಎರಡೂ ಕೊಕ್ಕು ಬಿಗಿದು, ಏನೂ ಅರಿಯದಂಗೆ ಕೂತಿದ್ವು. ಜವರಾಯಮ್ಮ ಒಂದು ಮುದ್ದೆ ಹಸಿ ಮಣ್ಣು ತಂದು ಕಿಂಡಿಗೆ ಟಪ್ ಅಂತ ಬಡಿದ್ಲು. ಪುಟ್ಟಚನ್ನಿ ಈ ಕಡೆಯಿಂದ ಇನ್ನೊಂದು ಮುದ್ದೆ ಬಡಿದ್ಲು. ಕಿಂಡಿ ಮುಚ್ಚೋಯ್ತು. ಅವರಿಬ್ರದ್ದೇ ಅಲ್ಲ, ಊರ ತುಂಬಾ ಹಿಂಗೇ ಕಿಂಡಿ ಮುಚ್ಕೊಂಡ್ವು. ಬಾವಿಕಟ್ಟೆ ಮೇಲೆ ಹೆಂಗಸ್ರು ಮಾತಿಲ್ದೆ ನೀರು ಸೇದೋರು. ಹಗ್ಗದ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಅಂಥ ಊರು ಊರಾ?

ಪುಟ್ಟಚನ್ನಿ ಹಟಕ್ಕೆ ಬಿದ್ಲು. ಅವಳ ಹೆಪ್ಪು ನಂಗ್ಯಾಕೆ, ನಂದೇ ಮೊಸರಿಂದ ಒಂದು ಚಮಚ ತೆಗೆದಿಟ್ಟು ನಂದೇ ಹಾಲಿಗೆ ಹಾಕ್ಕೋತೀನಿ ಅಂದ್ಲು. ಮೊದಮೊದಲು ಚೆನ್ನಾಗೇ ಆಯ್ತು. ಆದ್ರೆ ಮೊಸರಿನ ಗುಣ ಗೊತ್ತಲ್ಲ? ಹೊರಗಿನ ಹೆಪ್ಪು ಸೋಕದೆ ಒಂದೇ ಮನೇದು ಸುತ್ತಿ ಸುತ್ತಿ ಹಾಕ್ತಾ ಹೋದ್ರೆ ಬರ್ತಾ ಬರ್ತಾ ಅದು ಕೆಡ್ತದೆ. ಲೋಳೆ ಬರ್ತದೆ. ಎಮ್ಮೆ ಕಟ್ಟಿದ ಜವರಾಯಮ್ಮನ ಮನೇಲಿ ದಿನಾ ನಾಕಾರು ಗಡಿಗೆ, ಗಡಿಗೆಯಿಂದ ಗಡಿಗೆಗೆ ಹೆಪ್ಪು ಬದಲಾಗಿ ಅವಳದ್ದು ಮಾತ್ರ ಕೆಡ್ತಿರ್ಲಿಲ್ಲ. ಬೀಜ ಹಾಕೋಕೆ ಇನ್ನೊಂದೇ ದಿನ ಅನ್ನೋವಾಗ ಪುಟ್ಟಚನ್ನಿ ಗಡಿಗೆ ಮುಚ್ಚಳ ತೆಗೆದು ಸೌಟು ಹಾಕಿದ್ಲು. ಸೌಟಿನ ಜೊತೆ ಮೊಸರು ನೂಲು ನೂಲಾಗಿ ಮೇಲೆದ್ದು ಬಂತು. ವಾಸನೆಗೆ ಬೆಕ್ಕೂ ಮೂಗು ಮುಚ್ಕೊಂಡು ಓಡ್ತು.

ನಾಳೆ ಮೊಸರನ್ನ ಬೇಕು. ಮೊಸರನ್ನ ಇಲ್ದೆ ಏರಿ ಮೇಲೆ ಹೆಂಗೆ ಹೋಗೋದು? ಹೋಗ್ದಿದ್ರೆ ಸೊಂಪಯ್ಯನಿಗೆ ಬೀಜ ಹೆಂಗೆ ಹಾಕೋದು? ಹಾಕ್ದಿದ್ರೆ ಸೊಪ್ಪಿನ ಮಡಿ ಗತಿ?

ಮಧ್ಯಾಹ್ನದ ಹೊತ್ತಿಗೆ ಹಾಲು ಕಾಸಿ ಆರಿಸಿಟ್ಟು, ಬಟ್ಟಲು ಹಿಡ್ಕೊಂಡು, ಹಕ್ಕೀನ ಹೆಗಲ ಮೇಲೆ ಕೂರಿಸ್ಕೊಂಡು, ಸುತ್ತು ಹಾಕ್ಕೊಂಡು ಜವರಾಯಮ್ಮನ ಬಾಗಿಲಿಗೆ ಹೋದ್ಲು.

"ಹೆಪ್ಪು ಬೇಕಾಗಿತ್ತು," ಅಂದ್ಲು, ಎತ್ತಲೋ ನೋಡ್ತಾ.

ಜವರಾಯಮ್ಮ ಮೇಲಿಂದ ಕೆಳಗೆ ಒಂದ್ಸಲ ನೋಡಿದ್ಲು. ನಾಲಿಗೆ ತುದೀಗೆ ನೂರು ಬೈಗುಳ ಬಂದು ಸಾಲಾಗಿ ನಿಂತ್ವು. ಆದ್ರೆ ಹೆಪ್ಪು ಕೇಳಿ ಬಂದವಳೆ. ಬಟ್ಟಲು ಈಸ್ಕೊಂಡ್ಲು. ಹೆಪ್ಪು ಹಾಕಿ ಕೊಡ್ತಾ, ತಡೀಲಾರದೆ ಅಂದ್ಲು: "ನನ್ ಎಮ್ಮೆ ಮೊಸರು ಬೇಕು, ಎಮ್ಮೆಗೆ ನೀರು ಮಾತ್ರ ಬೇಡ, ಅಲ್ವಾ?"

"ನಾನ್ಯಾವಾಗ ಬೇಡ ಅಂದೆ?"

"ನನ್ ಹಕ್ಕಿ ಹೇಳ್ತು. ಕಾಳಾಜಮ್ಮ ಗೆದ್ರೆ ಕೆರೇಗೆ ಮುಳ್ಳುಬೇಲಿ. ನೀರೆಲ್ಲಾ ಸೊಪ್ಪಿನ ಮಡಿಗೆ, ಎಮ್ಮೆ ಒಂದೂ ಇಳಿಯಂಗಿಲ್ಲ. ನೀನೇ ಹೋಗಿ ಕಾಲು ಹಿಡಿದು ಮಾಡಿಸಿದ್ಯಂತೆ."

ಪುಟ್ಟಚನ್ನಿ ಬಾಯಿ ತೆಗೆದೋಳು ಮುಚ್ಲಿಲ್ಲ. "ಅಕ್ಕಾ, ನನ್ ಹಕ್ಕಿ ಹೇಳಿದ್ದು ತೂಬು ಮುಚ್ಚಿ ಕೆರೆ ಎಲ್ಲಾ ಎಮ್ಮೆಗೆ ಕೊಡ್ತಾಳೆ ಅಂತ. ನೀನೇ ಮಾಡಿಸಿದ್ದು ಅಂತ!"

ಇಬ್ರೂ ಒಬ್ರನ್ನೊಬ್ರು ನೋಡಿದ್ರು. ಆಮೇಲೆ ಇಬ್ರೂ ಹಕ್ಕಿಗಳನ್ನ ನೋಡಿದ್ರು. ಹಕ್ಕಿಗಳು ಆಕಾಶ ನೋಡಿದ್ವು.

"ಏಯ್, ಹೇಳೋ," ಅಂತ ಜವರಾಯಮ್ಮ ತನ್ನ ಹಕ್ಕಿ ಕುತ್ತಿಗೆ ಹಿಡಿದ್ಲು. ಉಸಿರಿಲ್ಲ.

"ಎರಡೂ ಎದುರು ಬದುರು ಇದ್ರೆ ಮಾತಾಡಲ್ವಲ್ಲಕ್ಕ. ಒಂದನ್ನ ಮುಚ್ಚು."

ಜವರಾಯಮ್ಮ ಕೋಳಿ ಮುಚ್ಚೋ ಪಂಜರ ತಂದು ತನ್ನ ಹಕ್ಕಿ ಮೇಲೆ ಬೋರಲು ಹಾಕಿ, ಮೇಲೊಂದು ಗೋಣಿ ಹೊದಿಸಿದ್ಲು. ಕತ್ತಲಾಯ್ತು ಅಂತ ಅದು ಒಳಗೆ ತೂಕಡಿಸ್ತು. ತಕ್ಷಣ ಪುಟ್ಟಚನ್ನಿ ಹೆಗಲ ಮೇಲಿದ್ದದ್ದು ಗಂಟಲು ಸರಿಮಾಡ್ಕೊಂಡು ಶುರು ಮಾಡ್ತು: "ಚನ್ನಮ್ಮಾ, ನಾಳೆ ಮರೀಬೇಡ. ಆ ಜವರಾಯಮ್ಮ ಮಹಾ ಘಾತುಕಿ. ಕೆರೆ ನುಂಗೋಕೆ ಕೂತವಳೆ..." ಜವರಾಯಮ್ಮ ಎದುರಿಗೇ, ಸೊಂಟದ ಮೇಲೆ ಕೈ ಇಟ್ಕೊಂಡು ನಿಂತು ಎಲ್ಲಾ ಕೇಳಿದ್ಲು.

ಆಮೇಲೆ ಇದನ್ನ ಒಳಗೆ ಹಾಕಿ ಅದನ್ನ ಹೊರಗೆ ತೆಗೆದ್ರು. ಅದು ಶುರು ಮಾಡ್ತು: "ಜವರಾಯಮ್ಮೋರೇ, ಆ ಪುಟ್ಟಚನ್ನಿ ಮಹಾ ಘಾತುಕಿ..."

ಎರಡನ್ನೂ ಪಂಜರಕ್ಕೆ ಹಾಕಿ ಗೋಣಿ ಎಳೆದ್ರು. ಪುಟ್ಟಚನ್ನಿ ಅಲ್ಲೇ ಕುಸಿದು ಕೂತ್ಲು. "ಅಕ್ಕಾ, ನಾಳೆ ನನ್ ಕೈಯಾರೆ ಏನು ಮಾಡ್ತಿದ್ನೋ! ಈ ಹಾಳು ಮೊಸರು ನೂಲು ಬರದೇ ಹೋಗಿದ್ರೆ ನಾನು ನಿನ್ ಬಾಗಿಲಿಗೆ ಬರ್ತಾನೇ ಇರ್ಲಿಲ್ಲ."

"ಅಳ್ಬೇಡ ಬಿಡೇ, ನನ್ ಹೆಪ್ಪಿಗೆ ಉಪ್ಪು ಬೀಳ್ತದೆ," ಅಂತ ಜವರಾಯಮ್ಮ ತನ್ನ ಕಣ್ಣೂ ಒರೆಸ್ಕೊಂಡ್ಲು.

ಅಷ್ಟರಲ್ಲಿ ಕುಂಬಾರಗೇರಿ ದೇವೀರೀನೂ ಬಟ್ಟಲು ಹಿಡ್ಕೊಂಡು ಬಂದ್ಲು. ಅವಳ ಮನೇಲೂ ಮೊಸರು ನೂಲು. "ಮೊದ್ಲು ನಿನ್ ಹಕ್ಕೀನ ಇದರೊಳಗೆ ಹಾಕು, ಆಮೇಲೆ ಹೆಪ್ಪು," ಅಂದ್ಲು ಜವರಾಯಮ್ಮ. ಕೇಳಿದ್ರೆ, ದೇವೀರಿ ಹಕ್ಕಿ ಮೂರನೇ ಕತೆ ಹೇಳಿತ್ತು: ಕಾಳಾಜಮ್ಮ ಗೆದ್ರೆ ಕುಂಬಾರರು ಕೆರೆ ಮಣ್ಣು ಮುಟ್ಟಂಗಿಲ್ಲ, ಸೊಪ್ಪಿನೋರೂ ಎಮ್ಮೆಯೋರೂ ಸೇರಿ ಮಾಡಿಸಿದ್ದಾರೆ ಅಂತ.

ಪುಟ್ಟಚನ್ನಿ ಯೋಚನೆ ಮಾಡಿದ್ಲು. "ಅಲ್ಲ, ನಮಗೆ ಒಬ್ಬೊಬ್ರಿಗೆ ಒಂದೊಂದು ಹೇಳ್ತವೆ. ಸೊಂಪಯ್ಯನ ಮನೇಲೂ ಒಂದು ಹಕ್ಕಿ ಐತಲ್ಲ. ಅದು ಅವನಿಗೆ ಏನು ಹೇಳ್ತದೆ?"

ಮೂವರೂ ಒಟ್ಟಿಗೆ ನಕ್ರು. ಎಷ್ಟೋ ದಿನದ ಮೇಲೆ ಆ ಬೀದೀಲಿ ಹೆಂಗಸ್ರು ನಕ್ಕ ಸದ್ದು ಕೇಳ್ತು. ಕಟ್ಟಿದ ಎಮ್ಮೆ ಕೂಡ ತಿರುಗಿ ನೋಡ್ತು.

ಆ ಸಂಜೆ ಬಿದಿರುಕೋಟೇಲಿ ಹೆಪ್ಪು ಮನೆಯಿಂದ ಮನೆಗೆ ಹೋಯ್ತು. ಹೆಪ್ಪಿನ ಹಿಂದೇನೇ ಸುದ್ದೀನೂ ಹೋಯ್ತು. ಪ್ರತಿ ಬಾಗಿಲಲ್ಲೂ ಮೊದಲ ಮಾತು ಒಂದೇ: "ಹಕ್ಕಿ ಮೇಲೆ ಪಂಜರ ಮುಚ್ಚವ್ವ, ಆಮೇಲೆ ಬಟ್ಟಲು ಕೊಡು." ಈ ಸುದ್ದಿ ಕಿವಿಗೆ ಬಿದ್ದ ಹಕ್ಕಿಗಳೆಲ್ಲಾ ಪಂಜರದೊಳಗೇ ಇದ್ವು, ಅವತ್ತು ಒಂದೂ ಗೋಪುರಕ್ಕೆ ಹೋಗ್ಲಿಲ್ಲ. ಸಾವುಕಾರನಿಗೆ ಗೊತ್ತಾಗ್ಲಿಲ್ವಾ ಅಂತೀರಾ? ಅವನು ಗೆದ್ದೇ ಬಿಟ್ವಿ ಅಂತ ಹೊಸ ಪೇಟ ಸುತ್ತಿಸ್ಕೊಳ್ತಾ ಇದ್ದ.

ಆದ್ರೆ ಗಂಡಸ್ರು ಬಹಳ ಜನ ನಂಬ್ಲಿಲ್ಲ. "ಇದೆಲ್ಲಾ ಹೆಂಗಸ್ರ ಕಿಂಡಿ ಮಾತು. ಅಂಥ ಒಳ್ಳೆ ಹಕ್ಕಿ ಸುಳ್ಳು ಹೇಳ್ತದಾ?" ಅಂತ ಗದರಿದ್ರು.

"ಹಂಗಾದ್ರೆ ನಾಳೆ ಹಕ್ಕೀನ ಮನೇಲೇ ಮುಚ್ಚಿಟ್ಟು ಬನ್ನಿ. ಅಷ್ಟು ಮಾಡಿ ಸಾಕು," ಅಂದ್ರು ಹೆಂಗಸ್ರು. ಅಷ್ಟಕ್ಕೆ ಒಪ್ಪಿದ್ರು, ರಾತ್ರಿ ಊಟ ಸಿಗ್ಬೇಕಲ್ಲ.

ಬೆಳಗಾಯ್ತು. ಪುಟ್ಟಚನ್ನಿ ದಿನದಂಗೆ ಸೊಪ್ಪಿನ ಕುಕ್ಕೆ ಹೊತ್ಕೊಂಡು ಸೊಂಪಯ್ಯನ ಮನೆಗೆ ಹೋದ್ಲು. ಸೊಂಪಯ್ಯ ಆಗ್ಲೇ ಏರಿ ಮೇಲೆ ಹೋಗಿ ಮೀಸೆ ತಿರುವ್ತಾ ನಿಂತಿದ್ದ. ಹಕ್ಕಿ ಇನ್ನೂ ಗೋಪುರದಿಂದ ಬಂದಿರ್ಲಿಲ್ಲ. ಜಗಲಿ ಮೇಲೆ ಬರೀ ಗೂಟ, ಗೂಟದಲ್ಲಿ ಅವನ ಹಳೇ ಕೆಂಪು ರುಮಾಲಿನ ಚೂರು. ಪುಟ್ಟಚನ್ನಿ ಎರಡು ಕಟ್ಟು ದಂಟು ಇಟ್ಲು. ರುಮಾಲಿನ ಚೂರು ಬಿಚ್ಕೊಂಡ್ಲು. ಮೆಂತ್ಯದ ಕಟ್ಟಿಗೆ ಸುತ್ತಿ ಕುಕ್ಕೇಲಿ ಇಟ್ಕೊಂಡು ಏರಿ ಕಡೆ ನಡೆದ್ಲು. ಆ ಹಕ್ಕಿ ಏನು ಹೇಳ್ತದೋ ಯಾರಿಗೆ ಗೊತ್ತು? ಬರೀ ಸಂತೆ ಧಾರಣೆ ಹೇಳಿ ಹಾರಿ ಹೋದ್ರೆ? ಮಡಿ ಹೋಯ್ತು, ಕೆರೆ ಹೋಯ್ತು, ಊರ ಮುಂದೆ ಮಾನಾನೂ ಹೋಯ್ತು.

ಏರಿ ಮೇಲೆ ಊರಿಗೆ ಊರೇ ಸೇರಿತ್ತು. ಎಲ್ರ ಕೈಲೂ ಬುತ್ತಿ, ಯಾರ ಹೆಗಲ ಮೇಲೂ ಹಕ್ಕಿ ಇಲ್ಲ. ಒಂದು ಕಡೆ ಕಾಳಾಜಮ್ಮ, ಮುಂದೆ ಅವಳ ಮಡಕೆ. ಇನ್ನೊಂದು ಕಡೆ ಸೊಂಪಯ್ಯ, ಅವನ ಮಡಕೆ. ಅವನ ಹಿಂದೆ ಹೊಸ ಪೇಟದ ಸಾವುಕಾರ. ಹಕ್ಕಿ ಇಲ್ಲದ ಹೆಗಲು ನೋಡಿ ಅವನ ನಗು ಒಂಚೂರು ಸೊಟ್ಟಗಾಯ್ತು.

ಪುಟ್ಟಚನ್ನಿ ಏರಿ ಮೇಲಿನ ಬಸರಿ ಮರದ ಕೆಳಗಿನ ಕೊಂಬೆಗೆ ರುಮಾಲಿನ ಚೂರು ಕಟ್ಟಿ, ಏನೂ ಅರಿಯದೋಳಂಗೆ ಜವರಾಯಮ್ಮನ ಪಕ್ಕ ಬಂದು ನಿಂತ್ಲು.

ಕಾದ್ರು. ಹಕ್ಕಿ ಬರ್ಲಿಲ್ಲ.

ಕಾದ್ರು. ಹಕ್ಕಿ ಬರ್ಲಿಲ್ಲ. "ಬೀಜ ಹಾಕೋಕೆ ಶುರು ಮಾಡಿ," ಅಂದ ಸಾವುಕಾರ.

ಜವರಾಯಮ್ಮ ಪುಟ್ಟಚನ್ನಿ ಕೈ ಹಿಡ್ಕೊಂಡ್ಲು.

ಆಗ ಕಲ್ಲುಗುಡ್ಡದ ಕಡೆಯಿಂದ ಕಿರಕಿರ ಅಂತ ರೆಕ್ಕೆ ಸದ್ದು. ಸೊಂಪಯ್ಯನ ಹಕ್ಕಿ ರುಮಾಲಿನ ವಾಸನೆ ಹಿಡ್ಕೊಂಡು ಬಂತು. ಕೊಂಬೆ ಮೇಲೆ ಕೂತ್ಕೊಂಡು ಸುತ್ತ ನೋಡ್ತು. ಇನ್ನೊಂದು ತಗಡಿನ ಹಕ್ಕಿ ಇಲ್ಲ. ಕೆಳಗೆ ಯಜಮಾನ ನಿಂತವ್ನೆ. ಸುತ್ತ ಸಾವಿರ ಜನ ಇದ್ರಲ್ಲಾ ಅಂತೀರಾ? ಹಕ್ಕಿಗೆ ಹಕ್ಕಿ ಕಂಡ್ರೆ ಬಾಯಿ ಮುಚ್ಚು ಅಂತ ಕಲಿಸಿದ್ದ ಸಾವುಕಾರ. ಜನ ಮತ್ತೆ ಒಂದು ಕಡೆ ನಿಂತು ಒಟ್ಟಿಗೆ ಕೇಳ್ತಾರೆ ಅಂತ ಅವನ ತಲೇಗೇ ಬಂದಿರ್ಲಿಲ್ಲ.

ಹಕ್ಕಿ ಗಂಟಲು ಸರಿಮಾಡ್ಕೊಂಡು ಅಂತು: "ಸೊಂಪಯ್ಯ, ಸಾವುಕಾರ ಹೇಳವ್ನೆ ಕೇಳು. ಇವತ್ತೊಂದು ದಿನ ಜನಕ್ಕೆ ಕೈ ಮುಗಿ. ಮಣೆ ಮೇಲೆ ಕೂತ ತಕ್ಷಣ ತೂಬು ಗೋಪುರದ ಕಡೆ ತಿರುಗಿಸು. ಆ ಮುದುಕಿ ಕೊಡಲ್ಲ ಅಂದವಳೆ, ನೀನು ಕೊಡು. ಸೊಪ್ಪು ಒಣಗಲಿ, ಎಮ್ಮೆ ಸಾಯಲಿ, ಕುಂಬಾರರು ಎಲ್ಲಾದ್ರೂ ಹೋಗ್ಲಿ. ಹಕ್ಕಿ ಎಲ್ರ ಮುಂದೆ ಮಾತಾಡ್ಬೇಕು ಅಂತ ಅವಳು ಮಾಡೋ ಕಟ್ಟಳೇನ ಒಲೆಗೆ ಹಾಕು."

ಏರಿ ಮೇಲಿದ್ದ ತಲೆ ಎಲ್ಲಾ ಸೊಂಪಯ್ಯನ ಕಡೆ ತಿರುಗಿದ್ವು.

"ಏಯ್, ಸುಮ್ನಿರು!" ಅಂತ ಸೊಂಪಯ್ಯ ಕಲ್ಲು ಹುಡುಕಿದ. ಯಜಮಾನನಿಗೆ ಸರಿಯಾಗಿ ಕೇಳ್ಲಿಲ್ವೇನೋ ಅಂತ ಹಕ್ಕಿ ಮೊದಲಿಂದ ಇನ್ನೂ ಜೋರಾಗಿ ಹೇಳ್ತು.

"ಬಾಯಿ ಮುಚ್ಚೋ ದರಿದ್ರದ್ದೇ!" ಅಂತ ಸಾವುಕಾರ ಕಿರುಚಿದ. ತನ್ನನ್ನ ಮಾಡಿದೋನ ದನಿ ಕೇಳಿ ಹಕ್ಕಿಗೆ ಖುಷಿಯಾಯ್ತು. ರೆಕ್ಕೆ ಬಡಿದು ಮೂರನೇ ಸಲ, ಕೆರೆ ಆಚೆ ದಡಕ್ಕೂ ಕೇಳೋಹಂಗೆ ಹೇಳ್ತು.

ಕಿವುಡ ಮಲ್ಲಜ್ಜನಿಗೂ ಕೇಳ್ತು. "ಓ," ಅಂದ, "ಇದು ಹೆಂಗಸ್ರ ಕಿಂಡಿ ಮಾತಲ್ಲ."

ಸಾವುಕಾರನ ಮುಖದ ಮೇಲೆ ಮೊದಲನೇ ಸಲ ನಗು ಇರ್ಲಿಲ್ಲ. ನಗು ಇಲ್ದೆ ನೋಡಿದ್ರೆ ಪಾಪ, ಅವನೂ ಒಬ್ಬ ಸಾದಾ ಮನುಷ್ಯನೇ.

ಜನ ಸಾಲಾಗಿ ಬಂದು ಬೀಜ ಹಾಕಿದ್ರು. ಪುಟ್ಟಚನ್ನಿ ತನ್ನ ಬೀಜ ಕಣ್ಣಿಗೊತ್ತಿಕೊಂಡು ಕಾಳಾಜಮ್ಮನ ಮಡಕೆಗೆ ಬಿಟ್ಲು. ಆ ಮಡಕೆ ಎತ್ತೋಕೆ ಇಬ್ರು ಬೇಕಾಯ್ತು. ಸೊಂಪಯ್ಯನ ಮಡಕೇನ ದೇವೀರಿ ಒಂದೇ ಬೆಳ್ಳಲ್ಲಿ ಎತ್ತಿ ತೋರಿಸಿದ್ಲು. "ನಾನೇ ಮಾಡಿದ ಮಡಕೆ. ಮನೆಯಿಂದ ತರೋವಾಗ್ಲೇ ಇದಕ್ಕಿಂತ ಭಾರ ಇತ್ತು," ಅಂದ್ಲು.

ಕಾಳಾಜಮ್ಮ ಮಣೆ ಮೇಲೆ ಕೂತ್ಲು. ಅವತ್ತು ಎಲೆಅಡಿಕೆ ಉಗಿದು ಬಾಯಿ ತೊಳ್ಕೊಂಡು ಮಾತಾಡಿದ್ಲು. "ತಪ್ಪು ನಂದೂ ಐತೆ. ಸಾವುಕಾರ ಕೆರೆ ಕೇಳಿದ್ದು, ನಾನು ಕೊಡಲ್ಲ ಅಂದಿದ್ದು, ಅವತ್ತೇ ನಿಮ್ಗೆ ಹೇಳ್ಬೇಕಿತ್ತು. ನಾನು ಬಾಯಿ ಮುಚ್ಕೊಂಡಿದ್ದಕ್ಕೇ ಹಕ್ಕಿ ಬಾಯಿ ಬಿಡ್ತು. ಇನ್ಮೇಲೆ ಯಾರು ಬಂದು ಏನು ಕೇಳಿದ್ರೂ ಅರಳಿಕಟ್ಟೇಲೇ ಕೇಳ್ಬೇಕು. ಹಕ್ಕೀನೂ ಅಲ್ಲೇ ಮಾತಾಡ್ಬೇಕು."

"ಎಲ್ರಿಗೂ ಒಂದೇ ಮಾತು ಹೇಳೋದಾದ್ರೆ ನೂರಾರು ಹಕ್ಕಿ ಯಾಕೆ ತಾಯಿ?" ಅಂದ ಸಾವುಕಾರ, ಸಣ್ಣ ದನೀಲಿ.

"ಅದನ್ನೇ ನಾನೂ ಕೇಳ್ತಿರೋದು. ಒಂದು ಸಾಕು."

ಒಂದು ಹಕ್ಕಿ ಉಳ್ಕೊಂತು. ಮಿಕ್ಕಿದ್ದನ್ನ ಸಾವುಕಾರ ಗಾಡಿಗೆ ತುಂಬ್ಕೊಂಡ. ಒಂದು ಹಕ್ಕಿ ಮಾತಾಡಿದ್ರೆ ಗೋಪುರ ಕಾಯೋದೂ ಇಲ್ಲ, ನೀರೂ ಬೇಡ. ಅವತ್ತಿಂದ ಅದು ಅರಳಿಮರದಲ್ಲಿ ಕೂತು ಮಳೆ, ಧಾರಣೆ ಎಲ್ರಿಗೂ ಒಟ್ಟಿಗೆ ಹೇಳ್ತಿತ್ತು. ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ ಸೂಲಗಿತ್ತಿ ಹತ್ರ ಹಾರ್ತಿತ್ತು. ಸುಳ್ಳು ಹೇಳ್ಸಿದೋರ ತಪ್ಪು, ಹಕ್ಕೀದೇನು? ಪುಟ್ಟಚನ್ನಿ ಈಗ್ಲೂ ಹೋಗ್ತಾ ಬರ್ತಾ ಅದರ ಕೊಕ್ಕಿಗೆ ಒಂದು ತೊಟ್ಟು ಹರಳೆಣ್ಣೆ ಬಿಡೋಳು.

ಏರಿ ಮೇಲೆ ಬುತ್ತಿ ಬಿಚ್ಚಿದ್ರು. ಊರಿನ ತುಂಬಾ ಅವತ್ತು ಒಂದೇ ರುಚಿ, ಎಲ್ಲಾ ಜವರಾಯಮ್ಮನ ಹೆಪ್ಪಿನ ಮೊಸರಲ್ವಾ. ಸೊಂಪಯ್ಯ ದೂರ ನಿಂತಿದ್ದ. "ಬಾರಯ್ಯ, ಸೋತೋರಿಗೂ ಇದೇ ಸಾಲು," ಅಂತ ಜವರಾಯಮ್ಮ ಕರೆದು ಬಡಿಸಿದ್ಲು. "ಮೀಸೆಗೆ ಅಂಟ್ತದೆ, ನೋಡ್ಕೊಂಡು ತಿನ್ನು." ಸಾವುಕಾರನಿಗೂ ಒಂದು ತುತ್ತು ಸಿಕ್ತು. ತಲೆ ತಗ್ಗಿಸಿ ತಿಂದ, ಗಾಡಿ ಹತ್ತಿ ಹೋದ.

ಮನೆಗೆ ಬಂದ ಪುಟ್ಟಚನ್ನಿ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕುಡುಗೋಲು ತಗೊಂಡು ಕಿಂಡಿ ಮಣ್ಣು ಕೆರೆದ್ಲು. ಆ ಕಡೆಯಿಂದಾನೂ ಕೆರೆಯೋ ಸದ್ದು ಬರ್ತಿತ್ತು. ಮಣ್ಣು ಬಿತ್ತು, ಬೆಳಕು ಬಂತು, ಬೆಳಕಲ್ಲಿ ಜವರಾಯಮ್ಮನ ಮೂಗು ಕಾಣಿಸ್ತು. ಪುಟ್ಟಚನ್ನಿ ಮಡೀಲಿದ್ದ ಎಳೇ ಸಬ್ಬಸಿಗೆ ಎಲ್ಲಾ ಕೊಯ್ದು ತಂದಿದ್ಲು. ಕಿಂಡೀಲಿ ತೂರಿಸಿದ್ಲು.

"ಇಷ್ಟೊಂದು ಯಾಕೇ? ನಾನೇನು ಎಮ್ಮೆನಾ?"

"ಹೆಪ್ಪು ಇಲ್ಲ ಅನ್ನದೆ ಕೊಟ್ಯಲ್ಲಕ್ಕ," ಅಂದ್ಲು ಪುಟ್ಟಚನ್ನಿ. "ಸಿಟ್ಟಲ್ಲೂ ಕೊಟ್ಯಲ್ಲ. ನನ್ ಮಡಿ ಉಳೀತು, ಕೆರೆ ಉಳೀತು. ನಿನ್ ಹೊಟ್ಟೆ ತಣ್ಣಗಿರ್ಲಿ."

ಜವರಾಯಮ್ಮನಿಗೆ, ಆ ಬಾಯಿಗೆ, ಅವತ್ತು ಒಂದು ಮಾತೂ ಬರ್ಲಿಲ್ಲ. ಮೂಗು ಸುರ್ ಅಂತ ಏರಿಸ್ಕೊಂಡು ಬಟ್ಟಲು ಮುಂದೆ ತಳ್ಳಿದ್ಲು. ಅಷ್ಟೇ.

ಇವತ್ತಿಗೂ ಬಿದಿರುಕೋಟೇಲಿ ಬೀಜ ಹಾಕೋ ಹಿಂದಿನ ದಿನ ಯಾರ ಮನೇಲೂ ಸ್ವಂತ ಹೆಪ್ಪು ಹಾಕಲ್ಲ. ಮನೇಲಿ ಗಡಿಗೆ ತುಂಬಾ ಮೊಸರಿದ್ರೂ ಸರಿ, ಬಟ್ಟಲು ಹಿಡ್ಕೊಂಡು, ಯಾರ ಜೊತೆ ಮಾತು ಬಿಟ್ಟಿದ್ದಾರೋ ಅವರ ಬಾಗಿಲಿಗೇ ಹೋಗಿ ಕೇಳ್ತಾರೆ. ಕೊಟ್ಟೋರೂ ತಗೊಂಡೋರೂ ಜಗಲಿ ಮೇಲೆ ಕೂತು, ನಿಂಗೇನು ಹೇಳಿದ್ರು, ನಂಗೇನು ಹೇಳಿದ್ರು ಅಂತ ಮಾತಾಡಿ ಎದ್ದು ಹೋಗ್ತಾರೆ.

ನೀತಿ ಇಷ್ಟೇ ಮಕ್ಕಳಾ. ನಿಂಗೊಬ್ಳಿಗೇ ಹೇಳ್ತೀನಿ ಅಂತ ಯಾರಾದ್ರೂ ಕಿವೀಲಿ ಊದಿದ್ರೆ, ಅದು ಹಕ್ಕಿ ಆಗ್ಲಿ, ಮನುಷ್ಯ ಆಗ್ಲಿ, ಯಂತ್ರ ಆಗ್ಲಿ, ಎದ್ದು ಪಕ್ಕದ ಮನೆಗೆ ಹೋಗಿ, ನಿಂಗೇನು ಹೇಳ್ತು ಅಂತ ಕೇಳಿ, ಆಮೇಲೆ ನಿಮ್ಮ ಬೀಜ ಹಾಕಿ. ಬಾಗಿಲು ತೆಗೆದು ಹೆಪ್ಪು ಕೊಟ್ಟೋರ ಉಪಕಾರ ಯಾವತ್ತೂ ಮರೀಬೇಡಿ.

ಪುಟ್ಟಚನ್ನಿ ಮಡೀಲಿ ಸೊಪ್ಪು ಹಸಿರಾಗೈತೆ, ಜವರಾಯಮ್ಮನ ಗಡಿಗೇಲಿ ಮೊಸರು ಗಟ್ಟಿಯಾಗೈತೆ. ಹೋಗಿ, ನೀವೂ ಉಂಡು ಮಲಗಿ.